ಸ್ವರ, ಸಂಖ್ಯೆ ಮತ್ತು ಮಿದುಳು

(ಶತಮಾನೋತ್ಸವದ ನಿಮಿತ್ತ ಹುನ್ನೂರಿನಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಮಕ್ಕಳು ಹತ್ತನೆಯ ಇಯತ್ತೆಗೆ ಕಾಲಿಟ್ಟೊಡನೆ ಗಾಯನ ಮಂಡಳಿಯ ಚಾಪೆ ಖಾಲಿಯಾಗತೊಡಗುತ್ತದೆ. ಗಣಿತದ ಟ್ಯೂಷನ್ನಿಗೂ ಹಾಡಿನ ಅಭ್ಯಾಸಕ್ಕೂ ಒಂದೇ ಹೊತ್ತು ಒದಗಿದರೆ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಇನ್ನೊಂದು ಕಡೆ, ಸಂಗೀತ ಕಲಿತ ಮಕ್ಕಳಿಗೆ ಗಣಿತ ತಾನಾಗಿಯೇ ಒಲಿಯುತ್ತದೆಂದು ಸಾರುವವರೂ ಇದ್ದಾರೆ. ಮೊದಲಿನವರು ಸಂಗೀತವನ್ನು ಗಣಿತದ ಶತ್ರುವೆಂದೂ, ಎರಡನೆಯವರು ಅದರ ದಾಸಿಯೆಂದೂ ಬಗೆದಂತಾಯಿತು. ಇವೆರಡರ ನಿಜವಾದ ನಂಟು ಏನು, ಆ ನಂಟು ನಮ್ಮ ತಲೆಯೊಳಗೆ ಎಲ್ಲಿ ಕೂಡಿಕೊಳ್ಳುತ್ತದೆ ಎಂಬುದೇ ಇಂದಿನ ವಿಷಯ.

ನಂಟಿನ ಮೊದಲ ಸಾಕ್ಷಿ ನಮಗೆ ದೂರವೇನಿಲ್ಲ. ಕೃಷ್ಣೆಯನ್ನು ದಾಟಿ ಬಡಗಣಕ್ಕೆ ನಡೆದರೆ ಮೀರಜ. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಅಲ್ಲಿ ತಂಬೂರಿ, ಸಿತಾರ್‌ಗಳನ್ನು ಮಾಡತೊಡಗಿದರು. ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ತಂಬೂರಿಯ ಒಂದು ತಂತಿಯನ್ನು ಮೀಟಿರಿ. ಅದರ ನಟ್ಟನಡುವೆ ಬೆರಳಿಟ್ಟು ಅರ್ಧವನ್ನು ಮೀಟಿದರೆ ಅದೇ ಷಡ್ಜ ಮೇಲಿನ ಸಪ್ತಕದಲ್ಲಿ ನುಡಿಯುತ್ತದೆ. ಮೂರರಲ್ಲಿ ಎರಡು ಪಾಲನ್ನು ಮೀಟಿದರೆ ಪಂಚಮ, ನಾಲ್ಕರಲ್ಲಿ ಮೂರು ಪಾಲನ್ನು ಮೀಟಿದರೆ ಮಧ್ಯಮ. ಈ ಅನುಪಾತಗಳ ಅರಿವನ್ನು ಗ್ರೀಕರು ಪೈಥಾಗೊರಸನ ಹೆಸರಿಗೆ ಸೇರಿಸಿದರು. ತಂತಿಯ ಉದ್ದ, ಬಿಗಿತ, ತೂಕ ಇವು ಕಂಪನಗಳನ್ನು ಹೇಗೆ ನಿರ್ಧರಿಸುತ್ತವೆಂಬ ನಿಯಮವನ್ನು 1636ರಲ್ಲಿ ಗ್ರಂಥರೂಪದಲ್ಲಿ ಬರೆದಿಟ್ಟವನು ನಮ್ಮವನೇ ಆದ ಒಬ್ಬ ಸಂನ್ಯಾಸಿ, ಫ್ರಾನ್ಸಿನ ಮರೆನ್ ಮೆರ್ಸೆನ್. ತಂತಿಯ ಬಿಗಿತವನ್ನು ನಾಲ್ಕು ಪಟ್ಟು ಮಾಡಿದರೆ ಕಂಪನಗಳು ಎರಡೇ ಪಟ್ಟಾಗುತ್ತವೆಂದು ಆತ ಅಳೆದು ತೋರಿಸಿದ. ಪ್ರಾರ್ಥನೆಗೂ ವರ್ಗಮೂಲಕ್ಕೂ ಆತನ ಮಠದ ಕೋಣೆಯಲ್ಲಿ ಜಗಳವಿರಲಿಲ್ಲವೆಂದು ತೋರುತ್ತದೆ.

ಇನ್ನು ನಮ್ಮ ಹಾರ್ಮೋನಿಯಂ ಪೆಟ್ಟಿಗೆಯ ಕಡೆಗೆ ಬರೋಣ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಭಾಷೆಗೆ ಆರಾಧನೆಯ ಬಾಗಿಲು ತೆರೆದ ಮೇಲೆ ಕನ್ನಡದ ಗೀತೆಗಳೊಡನೆ ಬಲಿಪೂಜೆಗೆ ಬಂದು ನೆಲೆಯೂರಿದ ಜೊತೆಗಾರ ಇದು. ಇದರ ಹೊಟ್ಟೆಯೊಳಗೆ ಗಣಿತದ ಒಂದು ಹಳೆಯ ಒಪ್ಪಂದ ಅಡಗಿದೆ. ಷಡ್ಜದಿಂದ ಪಂಚಮಕ್ಕೆ, ಆ ಪಂಚಮದಿಂದ ಅದರ ಪಂಚಮಕ್ಕೆ, ಹೀಗೆ ಹನ್ನೆರಡು ಮೆಟ್ಟಿಲು ಏರಿದರೆ ಏಳು ಸಪ್ತಕಗಳ ಮೇಲಿನ ಷಡ್ಜಕ್ಕೇ ತಲುಪಬೇಕಲ್ಲವೆ? ತಲುಪುವುದಿಲ್ಲ. ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ 129.75ರಷ್ಟು ಬರುತ್ತದೆ, ಎರಡನ್ನು ಏಳು ಸಲ ಗುಣಿಸಿದರೆ 128. ಲೆಕ್ಕ ಕೂಡಿಬರದ ಈ ಚೂರನ್ನು ಹನ್ನೆರಡು ಪಂಚಮಗಳಿಗೂ ಸಮನಾಗಿ ಹಂಚಿ, ಹನ್ನೆರಡು ಸ್ವರಗಳ ಅಂತರವನ್ನು ಒಂದೇ ಸಮ ಮಾಡಿದ್ದಾರೆ. ಹಾಗಾಗಿ ಪೆಟ್ಟಿಗೆಯ ಯಾವ ಮನೆಯಿಂದ ಆರಂಭಿಸಿದರೂ ಹಾಡು ನಡೆಯುತ್ತದೆ. ಆದರೆ ಷಡ್ಜವೊಂದನ್ನು ಬಿಟ್ಟು ಯಾವ ಸ್ವರವೂ ತನ್ನ ಶುದ್ಧವಾದ ಸ್ಥಾನದಲ್ಲಿ ಉಳಿದಿಲ್ಲ.

ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳಿವೆಯೆಂದುಕೊಳ್ಳಿ. ಪಂಚಮ 360 ಇರಬೇಕು, ಪೆಟ್ಟಿಗೆಯಲ್ಲಿ 359.6 ಇದೆ, ಅದು ಯಾರಿಗೂ ತಿಳಿಯದು. ಗಾಂಧಾರ 300 ಇರಬೇಕು, ಪೆಟ್ಟಿಗೆಯಲ್ಲಿ 302.4 ಇದೆ. ಇದು ತಿಳಿಯುತ್ತದೆ. ಚೆನ್ನಾಗಿ ಜವಾರಿ ಬಿಡಿಸಿದ ತಂಬೂರಿಯ ಷಡ್ಜದ ತಂತಿಯೊಳಗಿಂದ ಯಾರೂ ನುಡಿಸದ ಗಾಂಧಾರವೊಂದು ತಾನಾಗಿ ಹೊಮ್ಮುತ್ತದೆ. ಗಾಯಕರು ಅದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ತಂತಿ ಇಡಿಯಾಗಿ ನಡುಗುವಾಗಲೇ ಐದು ಪಾಲಾಗಿಯೂ ನಡುಗುವುದರಿಂದ ಹುಟ್ಟುವ ಸ್ವರವದು, ಕಂಪನ 1200. ಪೆಟ್ಟಿಗೆಯ ಗಾಂಧಾರದ ನಾಲ್ಕನೆಯ ಉಪಸ್ವರ ಸುಮಾರು 1209.5. ಎರಡೂ ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಒಂಬತ್ತು ಹತ್ತು ಸಲ ನಾದ ನಡುಗುತ್ತದೆ. ತಂಬೂರಿಯ ಮುಂದೆ ಬೆಳೆದ ಕಿವಿಗೆ ಹಾರ್ಮೋನಿಯಂ ಒರಟೆನಿಸುವುದು ಅಹಂಕಾರದಿಂದಲ್ಲ, ಈ ಲೆಕ್ಕದಿಂದ. ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಈ ವಾದ್ಯವನ್ನು ಹೊರಗಿಟ್ಟಿದ್ದಕ್ಕೆ ಹೇಳಲಾದ ಕಾರಣಗಳಲ್ಲಿ ಇದೂ ಒಂದು.

ಈ ಕೊರತೆಯನ್ನು ನೀಗಲು ಹೊರಟವರು ನಮ್ಮ ನೆರೆಯವರೇ. ಸಾಂಗಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ ಅವರು ಮೀರಜದಲ್ಲಿ ನೆಲೆಸಿದ ಉಸ್ತಾದ್ ಅಬ್ದುಲ್ ಕರೀಂ ಖಾನರ ಕಂಠವನ್ನೇ ಪ್ರಮಾಣವಾಗಿಟ್ಟುಕೊಂಡು, ಅವರು ಹಾಡಿದ ಸ್ವರಗಳನ್ನು ತಂತಿಯ ಮೇಲೆ ಅಳೆದರು. 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಕುರಿತ ಪುಸ್ತಕ ಪ್ರಕಟಿಸಿದರು. ನ್ಯಾಯಾಧೀಶರಾಗಿದ್ದ ಅರ್ನೆಸ್ಟ್ ಕ್ಲೆಮೆಂಟ್ಸ್ ಅವರೊಡನೆ ಕೂಡಿ ಶ್ರುತಿ ಹಾರ್ಮೋನಿಯಂ ಎಂಬುದನ್ನೂ ರೂಪಿಸಿದರು. 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ಅದನ್ನು ತೋರಿಸಿದಾಗ ಪಂಡಿತರು ಒಮ್ಮತಕ್ಕೆ ಬರಲಿಲ್ಲ. 1963ರಲ್ಲಿ ಜೈರಾಜಭಾಯ್ ಮತ್ತು ಸ್ಟೋನ್ ಎಂಬವರು ಹಿರಿಯ ಕಲಾವಿದರ ಧ್ವನಿಮುದ್ರಿಕೆಗಳನ್ನು ಯಂತ್ರದಿಂದ ಅಳೆದಾಗ, ಒಬ್ಬರಿಂದ ಒಬ್ಬರಿಗೆ ಮಾತ್ರವಲ್ಲ, ಒಬ್ಬರ ಗಾಯನದೊಳಗೇ ಗಾಂಧಾರದ ಸ್ಥಾನ ಅತ್ತಿತ್ತ ಸರಿಯುತ್ತಿರುವುದು ಕಂಡಿತು. ನನ್ನ ಎಣಿಕೆಯಲ್ಲಿ ದೇವಲರ ಶ್ರಮ ವ್ಯರ್ಥವಲ್ಲ. ಆದರೆ ಹಾಡುವವನು ಅನುಪಾತವನ್ನು ಮನೆಯಾಗಿ ಇಟ್ಟುಕೊಳ್ಳುತ್ತಾನೆ, ಸೆರೆಮನೆಯಾಗಿ ಅಲ್ಲ.

ತಬಲಾದ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಸಾಧಾರಣ ಚರ್ಮವಾದ್ಯದ ಉಪಸ್ವರಗಳು 1, 1.59, 2.14, 2.30 ಎಂಬಂತೆ ಅಡ್ಡಾದಿಡ್ಡಿಯಾಗಿರುತ್ತವೆ. ಆದ್ದರಿಂದ ಅದು ಸದ್ದು ಮಾಡುತ್ತದೆಯೇ ಹೊರತು ಸ್ವರ ಕೊಡದು. ನಡುವೆ ಕಬ್ಬಿಣದ ಪುಡಿಯ ಕರಿಯ ಶಾಯಿಯನ್ನು ಪದರ ಪದರವಾಗಿ ಮೆತ್ತಿದರೆ ಅವೇ ಉಪಸ್ವರಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಸಾಲಿಗೆ ಬಂದು ನಿಲ್ಲುತ್ತವೆ. ಇದನ್ನು 1920ರಲ್ಲಿ ಕಲಕತ್ತೆಯಿಂದಲೂ, 1934ರಲ್ಲಿ ಬೆಂಗಳೂರಿನಿಂದ ಇನ್ನಷ್ಟು ವಿವರವಾಗಿಯೂ ಜಗತ್ತಿಗೆ ತಿಳಿಸಿದವರು ಸರ್ ಸಿ. ವಿ. ರಾಮನ್. ಶಾಯಿ ಮೆತ್ತುವ ವಿದ್ಯೆಯನ್ನು ಕಂಡುಹಿಡಿದ ಕುಶಲಿಗನ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಸ್ವರದಲ್ಲಿ ಸಂಖ್ಯೆ ಅಡಗಿದ್ದರೆ ತಾಳದಲ್ಲಿ ಅದು ಎದ್ದು ಕಾಣುತ್ತದೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದವರಿಗೆ ಮಗ್ಗಗಳ ಸಪ್ಪಳ ಗೊತ್ತು. ಒಂದು ಮಗ್ಗದ ಬಡಿತ ಮೂರು ಎಣಿಕೆಗೊಮ್ಮೆ, ಪಕ್ಕದ ಮನೆಯದು ನಾಲ್ಕು ಎಣಿಕೆಗೊಮ್ಮೆ ಬಿದ್ದರೆ ಎರಡೂ ಹನ್ನೆರಡಕ್ಕೊಮ್ಮೆ ಕೂಡುತ್ತವೆ. ಶಾಲೆಯಲ್ಲಿ ಇದು ಲಘುತಮ ಸಾಮಾನ್ಯ ಅಪವರ್ತ್ಯ. ಸಂಗೀತದಲ್ಲಿ ಇದು ಸಮಕ್ಕೆ ಬಂದು ಸೇರುವ ಆನಂದ. ಹದಿನಾರು ಮಾತ್ರೆಗಳ ತೀನ್‌ತಾಳದಲ್ಲಿ ಐದು ಮಾತ್ರೆಗಳ ಬೋಲನ್ನು ಒಂದೊಂದು ಮಾತ್ರೆಯ ಬಿಡುವಿನೊಡನೆ ಮೂರು ಸಲ ಬಾರಿಸಿದರೆ ಒಟ್ಟು ಹದಿನೇಳು, ಕೊನೆಯ ಪೆಟ್ಟು ಸರಿಯಾಗಿ ಮುಂದಿನ ಸಮದ ಮೇಲೆ ಬೀಳುತ್ತದೆ. ತಬಲಾಗಾರ ಪಾಟಿ ಹಿಡಿದು ಈ ಲೆಕ್ಕ ಮಾಡುವುದಿಲ್ಲ.

ಕವಿಗಳಿಗೂ ಈ ಲೆಕ್ಕ ತಿಳಿದಿತ್ತು. ನಾಲ್ಕು ಮಾತ್ರೆಗಳನ್ನು ಲಘು ಗುರುಗಳಿಂದ ಐದು ಬಗೆಯಾಗಿ ತುಂಬಬಹುದು, ಐದು ಮಾತ್ರೆಗಳನ್ನು ಎಂಟು ಬಗೆಯಾಗಿ, ಆರನ್ನು ಹದಿಮೂರು ಬಗೆಯಾಗಿ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುತ್ತದೆ. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲಗಳನ್ನು ಎಣಿಸುವುದಕ್ಕೆ ಮೊದಲೇ, ಸುಮಾರು 1150ರಲ್ಲಿ, ಜೈನ ಆಚಾರ್ಯ ಹೇಮಚಂದ್ರ ಛಂದಸ್ಸಿಗಾಗಿ ಈ ನಿಯಮವನ್ನು ಹೇಳಿದ್ದ. ಗದುಗಿನ ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು ಮತ್ತು ನಾಲ್ಕರ ನಡೆ. ಏಳು ಮಾತ್ರೆಗಳ ರೂಪಕ ತಾಳಕ್ಕೆ ಅದು ಸಲೀಸಾಗಿ ಹೊಂದುತ್ತದೆ. ಆದರೆ ಒಂದು ಮಾತನ್ನು ಗಮನಿಸಬೇಕು. ನಾಲ್ಕು ಮಾತ್ರೆಯ ಐದು ಬಗೆಗಳಲ್ಲಿ ನಡುವೆ ಗುರು, ಎರಡು ಬದಿಗೆ ಲಘು ಬರುವ ಗಣವನ್ನು ಷಟ್ಪದಿಯಲ್ಲಿ ವರ್ಜ್ಯವೆಂದರು. ಲೆಕ್ಕ ಸರಿಯಿದೆ, ನಡೆ ಎಡವುತ್ತದೆ. ತೀರ್ಪು ಕೊಟ್ಟದ್ದು ಕಿವಿ.

ಈ ತೀರ್ಪುಗಾರ ಯಾರು? ಸಂತ ಅಗಸ್ಟೀನರು ತಾವು ದೀಕ್ಷಾಸ್ನಾನ ಪಡೆದ 387ರ ಸುಮಾರಿಗೆ ಸಂಗೀತದ ಮೇಲೆ ಒಂದು ಗ್ರಂಥ ತೊಡಗಿ ಆರು ಭಾಗಗಳಲ್ಲಿ ಬರೆದರು. ಐದು ಭಾಗಗಳು ಲಯ, ಛಂದಸ್ಸುಗಳ ಎಣಿಕೆ. ಆರನೆಯದರಲ್ಲಿ ಅವರು ಕೇಳುವ ಪ್ರಶ್ನೆ ಇಂದಿಗೂ ಹೊಸದು: ಸಂಖ್ಯೆಯಿರುವುದು ಸದ್ದಿನಲ್ಲೋ, ಕೇಳುವವನ ಕಿವಿಯಲ್ಲೋ, ನೆನಪಿನಲ್ಲೋ, ಇದು ಸರಿ ಇದು ತಪ್ಪು ಎನ್ನುವ ವಿವೇಚನೆಯಲ್ಲೋ? ಎಲ್ಲದರಲ್ಲಿಯೂ ಬೇರೆ ಬೇರೆ ಬಗೆಯ ಸಂಖ್ಯೆಗಳಿವೆಯೆಂಬುದು ಅವರ ಉತ್ತರ. ಉಪಕರಣಗಳಿಲ್ಲದ ಕಾಲದಲ್ಲಿ ಇಷ್ಟು ದೂರ ನೋಡಿದ್ದು ಅಚ್ಚರಿಯೇ.

ಇಂದು ಉಪಕರಣಗಳಿವೆ. ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಅಂಗದಲ್ಲಿ ಸುಮಾರು 35 ಮಿಲಿಮೀಟರ್ ಉದ್ದದ ಪೊರೆಯಿದೆ. ಎತ್ತರದ ಸ್ವರ ಅದರ ಬಾಗಿಲ ಬಳಿಯಲ್ಲಿಯೂ ತಗ್ಗಿನ ಸ್ವರ ತುತ್ತತುದಿಯಲ್ಲಿಯೂ ಅದನ್ನು ಹೆಚ್ಚಾಗಿ ಅಲುಗಿಸುತ್ತದೆ; ಇದನ್ನು ಕಂಡುಹಿಡಿದ ಬೆಕೆಶಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂದಿತು. ಅಲ್ಲಿಂದ ನರಗಳ ದಾರಿಯಾಗಿ ಸುದ್ದಿ ಮಿದುಳಿನ ಎರಡೂ ಪಕ್ಕೆಗಳಿಗೆ ಮುಟ್ಟುತ್ತದೆ. ಮಿದುಳು ಬಂದದ್ದನ್ನು ಸುಮ್ಮನೆ ಪಡೆಯುವುದಿಲ್ಲ, ಲೆಕ್ಕ ಹಾಕುತ್ತದೆ. ಹಳೆಯ ದೂರವಾಣಿಯ ತಂತಿ 300 ಕಂಪನಗಳಿಗಿಂತ ಕೆಳಗಿನದನ್ನು ಸಾಗಿಸುತ್ತಿರಲಿಲ್ಲ. ಗಂಡಸರ ದನಿಯ ಮೂಲಸ್ವರವಾದರೋ ನೂರು ನೂರಿಪ್ಪತ್ತರ ಸುಮಾರು. ಆದರೂ ಅಪ್ಪನ ದನಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತು. ಬಂದ ಉಪಸ್ವರಗಳಿಂದ, ಬಾರದ ಮೂಲಸ್ವರವನ್ನು ಮಿದುಳು ತಾನೇ ಕಟ್ಟಿಕೊಳ್ಳುತ್ತಿತ್ತು. ತಾಳ ಕೇಳುವಾಗಲಂತೂ ಕೈಕಾಲು ಕದಲದಿದ್ದರೂ ಚಲನೆಯನ್ನು ನಡೆಸುವ ಭಾಗಗಳು ಎಚ್ಚರಗೊಳ್ಳುತ್ತವೆ. ಪೂಜೆಯಲ್ಲಿ ಮಗು ಕಾಲು ಕುಣಿಸಿದರೆ ಗದರುವ ತಾಯಂದಿರು ಇದನ್ನು ನೆನೆಯಲಿ.

ಅಭ್ಯಾಸದಿಂದ ಮಿದುಳು ಬದಲಾಗುತ್ತದೆಯೆ? ಆರು ವರ್ಷದ ಸುಮಾರಿನ ಮಕ್ಕಳಿಗೆ ಹದಿನೈದು ತಿಂಗಳು ಕೀಲಿಮಣೆ ವಾದ್ಯ ಕಲಿಸಿದಾಗ ಕೇಳುವ ಮತ್ತು ಬೆರಳಾಡಿಸುವ ಭಾಗಗಳ ಆಕಾರದಲ್ಲಿಯೇ ವ್ಯತ್ಯಾಸ ಕಂಡಿತೆಂದು 2009ರ ಒಂದು ಅಧ್ಯಯನ ಹೇಳುತ್ತದೆ. ನಮ್ಮ ನಾಡಿನಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಈ ಮಾತು ಮುಗಿಯದು. ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದವರು. ಕಣ್ಣಿಲ್ಲದ ನೂರಾರು ಮಕ್ಕಳಿಗೆ ಅಲ್ಲಿ ಅನ್ನವನ್ನೂ ಸ್ವರವನ್ನೂ ಕೊಟ್ಟರು. ಎಳವೆಯಲ್ಲೇ ದೃಷ್ಟಿ ಹೋದವರು ಸ್ವರದ ಏರಿಳಿತವನ್ನು ಇತರರಿಗಿಂತ ಸೂಕ್ಷ್ಮವಾಗಿ ಗುರುತಿಸುತ್ತಾರೆಂದು, ನೋಟಕ್ಕೆ ಮೀಸಲಾದ ಮಿದುಳಿನ ಹಿಂಭಾಗ ಅವರಲ್ಲಿ ಕೇಳುವ ಕೆಲಸಕ್ಕೂ ಒದಗುತ್ತದೆಂದು ಪ್ರಯೋಗಗಳು ಬಹಳ ತಡವಾಗಿ ತೋರಿಸಿದವು. ಹಾಗೆಂದು ಎಲ್ಲವನ್ನೂ ಮಿದುಳಿನ ಲೆಕ್ಕಕ್ಕೆ ಹಾಕುವುದು ಆ ಗುರುಗಳ ದುಡಿಮೆಗೆ ಅನ್ಯಾಯ.

ಈಗ ಅಂಕಗಳ ಮಾತು. ಮೊಜಾರ್ಟನ ಸಂಗೀತವನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕೃತಿಗಳ ಒಂದು ಪರೀಕ್ಷೆಯಲ್ಲಿ ಮುಂದಾದರೆಂದು 1993ರಲ್ಲಿ ಪ್ರಕಟವಾಯಿತು. ಇದ್ದದ್ದು ಮೂವತ್ತಾರು ಮಂದಿ. ಪರಿಣಾಮ ಉಳಿದದ್ದು ಕಾಲು ಗಂಟೆ. ಅಷ್ಟರಿಂದಲೇ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ 1998ರಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಧ್ವನಿಮುದ್ರಿಕೆ ಹಂಚಲು ಹೊರಟರು! ಮುಂದೆ 2020ರಲ್ಲಿ ಐವತ್ನಾಲ್ಕು ಅಧ್ಯಯನಗಳನ್ನು, ಸುಮಾರು ಏಳು ಸಾವಿರ ಮಕ್ಕಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳಲ್ಲಿ ಸಂಗೀತಶಿಕ್ಷಣದಿಂದ ಬುದ್ಧಿಶಕ್ತಿಗಾಗಲಿ ಶಾಲೆಯ ಅಂಕಗಳಿಗಾಗಲಿ ಸಿಕ್ಕ ಲಾಭ ಸೊನ್ನೆಯ ಸಮೀಪದಲ್ಲಿತ್ತು. ಆದ್ದರಿಂದ ಗಣಿತದಲ್ಲಿ ಹೆಚ್ಚು ಅಂಕ ಬರಲೆಂದು ಯಾರೂ ಮಕ್ಕಳನ್ನು ಗಾಯನ ಮಂಡಳಿಗೆ ಕಳಿಸಬೇಡಿ. ಅಂಕ ಕಡಿಮೆಯಾದೀತೆಂದು ಬಿಡಿಸಲೂ ಬೇಡಿ. ವಾರಕ್ಕೆ ಎರಡು ತಾಸಿನ ಹಾಡು ಯಾರ ಬೀಜಗಣಿತವನ್ನೂ ಕೆಡಿಸಿಲ್ಲ. ಗಣಿತ ಬರಬೇಕಾದರೆ ಗಣಿತವನ್ನೇ ಮಾಡಬೇಕು.

ಹಾಗಾದರೆ ಹಾಡಿನ ಫಲವೇನೆಂದು ಕೇಳುವವರಿಗೆ ಅಂಕಪಟ್ಟಿಯ ಹೊರಗಿನ ಒಂದು ಸಂಗತಿ ಹೇಳುತ್ತೇನೆ. ಸ್ವೀಡನ್ನಿನ ಓಲೋಫ್ ಡಾಲಿನ್ 1745ರಲ್ಲಿ ಒಬ್ಬ ಮನುಷ್ಯನ ವೃತ್ತಾಂತ ಬರೆದಿದ್ದಾನೆ. ಲಕ್ವ ಹೊಡೆದು ಅವನ ಬಲಭಾಗ ಬಿದ್ದುಹೋಗಿತ್ತು. ‘ಹೌದು’ ಎಂಬುದರ ಹೊರತು ಮಾತು ಹೊರಡುತ್ತಿರಲಿಲ್ಲ. ಆದರೆ ಹಿಂದೆ ಕಲಿತ ಸ್ತೋತ್ರಗೀತೆಗಳನ್ನು, ಯಾರಾದರೂ ಆರಂಭದಲ್ಲಿ ಜೊತೆಗೂಡಿದರೆ, ಆರೋಗ್ಯವಂತನಂತೆ ಸ್ಪಷ್ಟವಾಗಿ ಹಾಡುತ್ತಿದ್ದ. ಮಾತಿನ ಒಂದು ಕೇಂದ್ರ ಸಾಮಾನ್ಯವಾಗಿ ಮಿದುಳಿನ ಎಡಭಾಗದಲ್ಲಿದೆಯೆಂದು ಪ್ಯಾರಿಸಿನ ಬ್ರೋಕಾ ತಿಳಿಸಿದ್ದು 1861ರ ನಂತರ. ಹಾಡಿಗೆ ಬಲಭಾಗವೂ ದುಡಿಯುತ್ತದೆ. ನೂರು ಸಲ ಹಾಡಿ ಬೇರೂರಿದ ನುಡಿ ಎಡಭಾಗ ಹಾಳಾದರೂ ಉಳಿದುಕೊಳ್ಳಬಲ್ಲದು. ಇದನ್ನು ಆಧರಿಸಿ ಬೋಸ್ಟನ್ನಿನ ವೈದ್ಯರು 1973ರಲ್ಲಿ ಒಂದು ಚಿಕಿತ್ಸಾಕ್ರಮವನ್ನು ಪ್ರಕಟಿಸಿದರು: ರೋಗಿಯ ಎಡಗೈಯನ್ನು ಹಿಡಿದು ಅಕ್ಷರಕ್ಕೊಮ್ಮೆ ತಟ್ಟುತ್ತ, ಚಿಕ್ಕ ಮಾತುಗಳನ್ನು ಎರಡೇ ಸ್ವರಗಳಲ್ಲಿ ರಾಗವಾಗಿ ನುಡಿಸುವುದು. ಎಲ್ಲರಿಗೂ ಫಲಿಸದು, ಕೆಲವರಿಗೆ ಫಲಿಸಿದೆ.

ನಮ್ಮ ವಿಚಾರಣೆಯಲ್ಲಿ ಯಾರಿಗಾದರೂ ಹಾಗಾದರೆ ಮೊದಲು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಅಲ್ಲಿ ಗಂಟೆಗಳ ಲೆಕ್ಕ ಮುಖ್ಯ. ಮನೆಗೆ ಮರಳಿದ ಮೇಲೆ ಮಾತು ಬಾರದ ಮುತ್ಯಾನ ಎದುರು ಸುಮ್ಮನೆ ಕೂಡಬೇಡಿರಿ. ಅವನು ಐವತ್ತು ವರ್ಷ ಹಾಡಿದ ಗೀತೆಯ ಮೊದಲ ಸಾಲನ್ನು ಮೆಲ್ಲಗೆ ಎತ್ತಿಕೊಳ್ಳಿರಿ, ಅವನ ಎಡಗೈಯ ಮೇಲೆ ತಾಳ ಹಾಕಿರಿ, ಎರಡನೆಯ ಸಾಲಿಗೆ ಅವನಿಗೆ ಜಾಗ ಬಿಡಿರಿ. ಗಾಯನ ಮಂಡಳಿಯ ಹುಡುಗ ಹುಡುಗಿಯರು ಈ ಕೆಲಸವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡಬಲ್ಲರು. ಆ ಗೀತೆಗಳು ಪುಸ್ತಕ ನೋಡದೆ ಬರುವುದು ಅವರಿಗೇ.