ಕುದುರೆಯ ನಿತ್ಯೋಪಚಾರ



ಕುದುರೆಯ ಆರೈಕೆಯೆಂದರೆ ಅರಮನೆಯ ಲಾಯಕ್ಕೆ ಸಂಬಂಧಿಸಿದ ವಿಷಯವೆಂದು ಕೆಲವರು ಭಾವಿಸಬಹುದು. ನಾನು ಈ ಹೊತ್ತು ಹೇಳಹೊರಟಿರುವುದು ಮೈಸೂರಿನ ಬೀದಿಗಳಲ್ಲಿ ಜಟಕಾ ಎಳೆಯುವ ಕುದುರೆಯ ಸಂಗತಿ. ಅದನ್ನು ಸಾಕಿದವನಿಗೆ ಅದೇ ಬಂಡವಾಳ; ಅದು ಮಲಗಿದ ದಿನ ಆ ಮನೆಯಲ್ಲಿ ಒಲೆ ಹೊತ್ತುವುದೂ ಕಷ್ಟ. ಈ ವಿಚಾರ ನಮ್ಮ ಭಾಷೆಗೆ ಹೊಸದೂ ಅಲ್ಲ. ಅಭಿನವಚಂದ್ರನೆಂಬ ಕವಿಯು ಹಿಂದೆಯೇ 'ಅಶ್ವವೈದ್ಯ'ವನ್ನು ಕನ್ನಡದಲ್ಲಿ ರಚಿಸಿದ್ದಾನೆ.

ದೇಹದ ಗಾತ್ರಕ್ಕೆ ಹೋಲಿಸಿದರೆ ಕುದುರೆಯ ಜಠರವು ಬಹು ಚಿಕ್ಕದು. ಅಲ್ಲದೆ, ತಿಂದುದನ್ನು ವಾಂತಿಮಾಡುವ ಶಕ್ತಿ ಅದಕ್ಕಿಲ್ಲ. ಈ ಎರಡನ್ನು ನೆನಪಿನಲ್ಲಿಟ್ಟವನಿಗೆ ಮೇವಿನ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಹುಲ್ಲೇ ಮುಖ್ಯಾಹಾರ, 300 ಕಿಲೋ ತೂಗುವ ಕುದುರೆಗೆ ದಿನಕ್ಕೆ ಐದಾರು ಕಿಲೋ ಒಣಹುಲ್ಲಾದರೂ ಬೇಕು. ಬೇಯಿಸಿದ ಹುರುಳಿಯನ್ನೂ ಬೂಸವನ್ನೂ ಒಂದೇ ಸಲ ಸುರಿಯದೆ ಎರಡು ಮೂರು ಹೊತ್ತಿಗೆ ಹಂಚಿ ಕೊಡತಕ್ಕದ್ದು. ಬೆವತ ಕುದುರೆಗೆ ನೀರು ತೋರಿಸಬಾರದೆಂದು ಹೇಳುವವರುಂಟು. ಬಾಯಾರಿದ ಪ್ರಾಣಿಯನ್ನು ಕಾಯಿಸುವುದರಿಂದ ಹಾನಿಯೇ ಹೊರತು ಲಾಭವಿಲ್ಲ. ದಣಿವಾರುವ ತನಕ ತಡೆಯಬೇಕಾದುದು ಹುರುಳಿಯನ್ನು, ನೀರನ್ನಲ್ಲ.

ಗೊರಸನ್ನು ದಿನವೂ ಎತ್ತಿ ನೋಡಿ ಕಲ್ಲು, ಸಗಣಿ ತೆಗೆಯಬೇಕು. ದುರ್ವಾಸನೆ ಬಂದರೆ ಕೊಳೆ ಆರಂಭವಾಗಿದೆಯೆಂದೇ ತಿಳಿಯಿರಿ. ಒದ್ದೆ ನೆಲವೇ ಅದರ ಮೂಲ. ಲಾಳ ಸವೆಯದಿದ್ದರೂ ಆರು ಅಥವಾ ಎಂಟು ವಾರಗಳಿಗೊಮ್ಮೆ ಅದನ್ನು ಬಿಚ್ಚಿಸಿ, ಬೆಳೆದ ಗೊರಸನ್ನು ಕತ್ತರಿಸತಕ್ಕದ್ದು.

ಎಲ್ಲಕ್ಕಿಂತ ಭಯಂಕರವಾದುದು ಹೊಟ್ಟೆಶೂಲೆ. ಕುದುರೆ ಮೇವು ಬಿಡುತ್ತದೆ, ನೆಲವನ್ನು ಕೆರೆಯುತ್ತದೆ, ಪಕ್ಕೆಯ ಕಡೆಗೆ ತಿರುಗಿ ತಿರುಗಿ ನೋಡುತ್ತದೆ, ಮಲಗಿ ಏಳುತ್ತದೆ. ಇಂತಹ ಸಮಯದಲ್ಲಿ ನಮ್ಮವರ ಕೈ ಮೊದಲು ಹೋಗುವುದು ಗೊಟ್ಟಕ್ಕೆ. ನನಗೆ ಪರಿಚಿತನಾದ ಜಟಕಾದವನೊಬ್ಬನು ಹೀಗೆಯೇ ಕುದುರೆಯ ತಲೆಯೆತ್ತಿಸಿ ಎಣ್ಣೆ ಹೊಯ್ದನು. ಶೂಲೆಯೇನೋ ತಗ್ಗಿತು; ಆದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದಿತ್ತು. ನಾಲ್ಕನೆಯ ದಿನ ಕುದುರೆ ಸತ್ತಿತು. ಅವನು ಮಾಡಿದುದೆಲ್ಲವೂ ಪ್ರೀತಿಯಿಂದಲೇ. ಆದಕಾರಣ ಗೊಟ್ಟವನ್ನು ಮುಟ್ಟಬೇಡಿ. ಮೇವನ್ನು ತೆಗೆದುಬಿಡಿ; ಹೊರಳಾಡಲು ಯತ್ನಿಸಿದರೆ ಮೆಲ್ಲನೆ ನಡೆಸಿ; ಪಶುವೈದ್ಯರಿಗೆ ತಡಮಾಡದೆ ಹೇಳಿಕಳುಹಿಸಿ.

ವೈದ್ಯರು ಬರುವ ಮುನ್ನ ನೀವು ಮಾಡಬಹುದಾದ ಕೆಲಸವೊಂದುಂಟು. ಕೆಳದವಡೆಯ ಒಳಮಗ್ಗುಲಿನಲ್ಲಿ ಬೆರಳಿಟ್ಟರೆ ನಾಡಿ ಸಿಕ್ಕುತ್ತದೆ. ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಗೆ ಅದು ನಿಮಿಷಕ್ಕೆ 28ರಿಂದ 44. ಶೂಲೆಯಲ್ಲಿ 60ನ್ನು ಮೀರಿದರೆ ಪ್ರಾಣಾಪಾಯವಿದೆಯೆಂದು ತಿಳಿಯಬೇಕು. ಆದರೆ ನರಳುತ್ತಿರುವ ಕುದುರೆಯ ಮೇಲೆ ಈ ವಿದ್ಯೆಯನ್ನು ಹೊಸದಾಗಿ ಕಲಿಯಲಾಗದು. ನಾಳೆ ಬೆಳಿಗ್ಗೆ, ಗಾಡಿ ಹೂಡುವುದಕ್ಕೆ ಮೊದಲು, ಅದು ಸುಖವಾಗಿ ನಿಂತಿರುವಾಗ ಒಮ್ಮೆ ಎಣಿಸಿ ನೋಡಿ. ಸಿಕ್ಕಿದ ಸಂಖ್ಯೆಯನ್ನು ಲಾಯದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡಿ.