ಮಗುವಿನ ಮಾತು, ಪರೀಕ್ಷೆಯ ಮಾತು

(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಎಂಡೋಸಲ್ಫಾನ್ ಕುರಿತು ಮಾತನಾಡಬೇಕೆಂದು ನನ್ನನ್ನು ಕಾಸರಗೋಡಿನಿಂದ ಘಟ್ಟ ಹತ್ತಿಸಿ ಕರೆಸಿಕೊಂಡಿದ್ದೀರಿ. ಆ ವಿಷದ ಚರಿತ್ರೆ ನಿಮಗೆ ಹೊಸತಲ್ಲ. 1970ರ ದಶಕದ ಉತ್ತರಾರ್ಧದಿಂದ 2000ನೆಯ ಇಸವಿಯವರೆಗೆ ಸರ್ಕಾರಿ ಗೇರು ತೋಟಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ಸುರಿಯಲಾಯಿತು. ಗುಡ್ಡದ ನೆತ್ತಿಯಲ್ಲಿ ಬಿದ್ದದ್ದು ತಪ್ಪಲಿನ ತೋಡು, ಕೆರೆ, ಸುರಂಗಗಳಿಗೆ ಇಳಿಯಿತು. ಪಡ್ರೆಯಲ್ಲಿ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ದನಿಯೆತ್ತಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಈ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಇವೆಲ್ಲ ಹೋರಾಟದ ಗೆಲುವುಗಳೇ. ನಾನು ಇಂದು ಹೇಳಬೇಕೆಂದಿರುವುದು ಗೆಲುವಿನ ನಂತರ ಮನೆಯೊಳಗೆ ಉಳಿದ ಮಕ್ಕಳ ಬಗ್ಗೆ, ಅದರಲ್ಲಿಯೂ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳ ಬಗ್ಗೆ.

ನಮ್ಮದು ಸಪ್ತಭಾಷೆಗಳ ನೆಲವೆಂದು ವೇದಿಕೆಗಳಲ್ಲಿ ಹೊಗಳುವುದುಂಟು. ಎಣ್ಮಕಜೆ, ಬೆಳ್ಳೂರಿನಂಥ ಊರುಗಳಲ್ಲಿ ಒಂದು ಮನೆಯಲ್ಲಿ ತುಳು, ಪಕ್ಕದಲ್ಲಿ ಹವ್ಯಕ ಕನ್ನಡ, ತೋಟದಾಚೆ ಮರಾಠಿ, ಪೇಟೆಗಿಳಿದರೆ ಬ್ಯಾರಿ. 1956ರಲ್ಲಿ ರಾಜ್ಯಗಳು ವಿಂಗಡಣೆಯಾದಾಗ ನಾವು ಕೇರಳಕ್ಕೆ ಸೇರಿದೆವು. ಆಸ್ಪತ್ರೆಯ ತಜ್ಞರು, ತರಬೇತುದಾರರು, ಅರ್ಜಿ ನಮೂನೆಗಳು ಬಹುಮಟ್ಟಿಗೆ ಮಲಯಾಳದವು. ಜ್ವರಕ್ಕೆ ಮದ್ದು ಪಡೆಯಲು ಕೈಸನ್ನೆಯಾದರೂ ಸಾಕು. ಆದರೆ ಬುದ್ಧಿಯನ್ನು ಅಳೆಯುವ ಸಾಧನ ಮಾತೇ ಆಗಿರುವಾಗ ಏನು ಗತಿ?

ಒಂದು ಪ್ರಸಂಗ ಹೇಳುತ್ತೇನೆ. ನೆರೆಮನೆಯ ತಾಯಿಯೊಬ್ಬಳ ಜೊತೆ ಅವಳ ಒಂಬತ್ತು ವರ್ಷದ ಮಗನನ್ನು ಪರೀಕ್ಷೆಗೆ ಕರೆದೊಯ್ದಿದ್ದೆ. ಮನೆಮಾತು ತುಳು. ಪರೀಕ್ಷಕಿ ಸೌಮ್ಯ ಸ್ವಭಾವದ ಯುವತಿ. ಹೊರಗೆ ಉದ್ದನೆಯ ಸಾಲು. ಮೇಜಿನ ಮೇಲೆ ಲೋಟದಲ್ಲಿ ನೀರಿತ್ತು. 'ವೆಳ್ಳಂ ಎವಿಡೆ?' ಎಂದು ಕೇಳಿದಳು. ಹುಡುಗ ತಾಯಿಯ ಚೀಲದತ್ತ ಕೈ ತೋರಿಸಿದ. ಅವನು ಕೇಳಿಸಿಕೊಂಡದ್ದು ಬೆಲ್ಲವೆಂದು. ಹಟಮಾಡಿದರೆ ಕೊಡಲೆಂದು ತಾಯಿ ಬೆಲ್ಲದ ಚೂರನ್ನು ಕಾಗದದಲ್ಲಿ ಕಟ್ಟಿ ತಂದಿದ್ದಳು. ಆಕೆ ವಿವರಿಸಹೊರಟಾಗ, ಹೇಳಿಕೊಡಬಾರದೆಂಬ ಉತ್ತರ ಬಂತು. ನಿಯಮ ಸರಿಯೇ, ನಾನು ಅಲ್ಲಗಳೆಯುವುದಿಲ್ಲ. ಹೊರಬಂದ ಮೇಲೆ ನಳ್ಳಿಯ ಬಳಿ ನಿಂತು 'ನೀರ್ ಓಲುಂಡು?' ಎಂದೆ. ಹುಡುಗ ನೇರವಾಗಿ ನಳ್ಳಿಯನ್ನೇ ತೋರಿಸಿದ. ಅಷ್ಟರಲ್ಲಿ ಒಳಗೆ ಅಂಕ ಬರೆದಾಗಿತ್ತು.

ಅಂಕ ಕಡಿಮೆಯಾದರೆ ವೈಕಲ್ಯದ ಶೇಕಡಾವಾರು ಹೆಚ್ಚಾಗಿ ಸವಲತ್ತು ಸಿಗುವುದಲ್ಲ, ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟವಿದೆ. ಮಗನಿಗೆ ಏನೂ ತಿಳಿಯದೆಂದು ತಾಯಿ ನಂಬಿಬಿಡುತ್ತಾಳೆ. ಅವನು ಆಗಲೇ ಬಲ್ಲದ್ದನ್ನೇ ಪರಭಾಷೆಯಲ್ಲಿ ಕಲಿಸಲು ವರ್ಷಗಳು ಕಳೆಯುತ್ತವೆ. ಇದರ ತಿರುವುಮುರುವೂ ಉಂಟು. ಮಾತು ನಿಜವಾಗಿಯೇ ಹಿಂದುಳಿದ ಮಗುವನ್ನು, 'ಮನೆಭಾಷೆ ಬೇರೆ, ಸರಿಹೋಗುತ್ತದೆ' ಎಂದು ಹಿಂದಕ್ಕೆ ಕಳುಹಿಸಿದರೆ ಎಳವೆಯ ಅಮೂಲ್ಯ ಕಾಲ ಕೈತಪ್ಪುತ್ತದೆ.

ಉಪಾಯ ತಿಳಿಯದ ಕಾಲವೇನಲ್ಲ ಇದು. ನಮ್ಮ ದೇಶದಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಬುದ್ಧಿಪರೀಕ್ಷೆ ರೂಪುಗೊಂಡದ್ದೇ 1930ರ ದಶಕದಲ್ಲಿ, ಧಾರವಾಡದಲ್ಲಿ, ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ. ಪರೀಕ್ಷೆ ಮಗುವಿನ ಭಾಷೆಗೆ ಬರಬೇಕೆಂದು ವಿ.ವಿ. ಕಾಮತರಿಗೆ ಅಂದೇ ಹೊಳೆದಿತ್ತು. ಭಾಷೆಯೊಂದೇ ಅಲ್ಲ, ಬಾಳುವೆಯೂ ಬರಬೇಕು. ಅಮೆರಿಕದ ವೈನ್‌ಲ್ಯಾಂಡಿನಲ್ಲಿ 1930ರ ದಶಕದಲ್ಲಿಯೇ ಸಿದ್ಧವಾದ ಸಾಮಾಜಿಕ ಪ್ರೌಢಿಮೆಯ ಮೂಲ ಅಳತೆಗೋಲಿನಲ್ಲಿ, ಮಗು ಫೋರ್ಕಿನಿಂದ ಉಣ್ಣುತ್ತದೆಯೇ ಎಂಬ ಪ್ರಶ್ನೆಯಿತ್ತು. ಅಲ್ಲಿಗೆ ಅದು ಸರಿ. ನಮ್ಮ ಹುಡುಗ ಕೈಯಲ್ಲಿ ಗಂಜಿ ಉಣ್ಣುತ್ತಾನೆ, ಹಣ್ಣಡಿಕೆಯನ್ನು ಕಾಯಿಯಿಂದ ಬೇರ್ಪಡಿಸುತ್ತಾನೆ, ಕರುವನ್ನು ಹಟ್ಟಿಗೆ ಕಟ್ಟುತ್ತಾನೆ. ಇವನ್ನು ಕೇಳಿದವರು ಯಾರು? ಕೇಳುವ ರೀತಿಯೂ ಮುಖ್ಯ. 'ಮದುವೆ ಸಂಬಂಧದೊಳಗೆಯೋ?' ಎಂಬ ಪ್ರಶ್ನೆ ವೈದ್ಯರಿಗೆ ಮಾಹಿತಿ; ದೈವದ ಹರಕೆ ತಪ್ಪಿತೇ ಎಂದು ಇರುಳೆಲ್ಲ ಕೊರಗುವ ತಾಯಿಗೆ ಅದು ಇನ್ನೊಂದು ಆರೋಪ.

ಕಾನೂನಿನ ಬೆಂಬಲವೂ ಇಲ್ಲದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ 'ಸಂವಹನ'ವನ್ನು ಅರ್ಥೈಸುವಾಗ ಭಾಷೆಗಳನ್ನೂ ಸರಳ ನುಡಿಯನ್ನೂ ಸೇರಿಸಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂಬ 350ಎ ವಿಧಿ, ನಮ್ಮನ್ನು ಗಡಿಯಾಚೆ ಸೇರಿಸಿದ ಅದೇ 1956ರಲ್ಲಿ ಸಂವಿಧಾನಕ್ಕೆ ಬಂತು. ಪಂಚಾಯತಿಗಳು ನಡೆಸುವ ಬಡ್ಸ್ ಶಾಲೆಗಳು ಕೇರಳದ ಒಳ್ಳೆಯ ಕಾರ್ಯ. ಅದನ್ನು ಮನಸಾರೆ ಮೆಚ್ಚಬೇಕು. ಅಲ್ಲಿ ತುಳು ಬಲ್ಲ ಆಯಾ ಒಬ್ಬಳಿದ್ದರೆ ಮಕ್ಕಳೆಲ್ಲ ಅವಳ ಸುತ್ತಲೇ ಇರುತ್ತಾರೆ. ಪರೀಕ್ಷೆಯ ದಿನ ಅಂಥವಳನ್ನು ಸಂಬಳ ಕೊಟ್ಟು ತಜ್ಞರ ಪಕ್ಕದಲ್ಲಿ ಕೂರಿಸಿ ಎಂಬುದಷ್ಟೇ ನಮ್ಮ ಬೇಡಿಕೆ.

ಮಲಯಾಳವನ್ನು ದೂರಲು ನಾನು ಬಂದಿಲ್ಲ. ನಿಮ್ಮ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಯರ ಮನೆಗಳಲ್ಲಿ ಆಡುವುದು ಕೊಂಕಣಿ. ಅಲ್ಲಿಯ ಮಗುವನ್ನು ಅಚ್ಚಗನ್ನಡದಲ್ಲಿ ಪರೀಕ್ಷಿಸುವ ನಾವು ಆ ಯುವತಿಗಿಂತ ಬೇರೆಯೇ? ಕೊಕ್ಕಡದ ಕಡೆಯ ಸಂತ್ರಸ್ತ ಮಕ್ಕಳ ಮನೆಗಳಲ್ಲಿಯೂ ತುಳುವೇ ಹೆಚ್ಚು.

ನಾವು ಕೆಲವರು ಒಂದು ಕೆಲಸ ಆರಂಭಿಸಿದ್ದೇವೆ. ಇಂಥ ಮಗುವಿರುವ ಪ್ರತಿ ಮನೆಗೂ ಒಂದು ನೋಟ್‌ಬುಕ್. ಮಗು ಯಾವ ಮಾತು ಅರಿಯುತ್ತದೆ, ಯಾವ ಸದ್ದಿಗೆ ಏನರ್ಥ, ಯಾವ ಕೆಲಸ ಬಲ್ಲದು ಎಂದು ಮನೆಯವರು ಹೇಳಿದಂತೆ ಬರೆದು, ಪಕ್ಕದಲ್ಲಿ ಮಲಯಾಳವನ್ನೂ ಬರೆಯುತ್ತೇವೆ. ಪರೀಕ್ಷೆಗೆ ಹೋಗುವಾಗ ಅದು ತಾಯಿಯ ಚೀಲದಲ್ಲಿರುತ್ತದೆ. ಮಾದರಿ ಪ್ರತಿಯೊಂದನ್ನು ತಂದಿದ್ದೇನೆ. ಊಟದ ನಂತರ ನೋಡಬಹುದು. ಇಲ್ಲಿಯ ಮನೆಗಳಿಗೆ ಕೊಂಕಣಿಯಲ್ಲಿ ಬರೆದುಕೊಳ್ಳಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಹೆಸರು ಕೊಟ್ಟು ಹೋಗಿ.