ಹಾದಿ ಮಾಡಿದವರಿಗೊಂದು ಶಾಲು



ನಾವು ಕಾಲುದಾರಿ ಎನ್ನುತ್ತೇವೆ, ಪಕ್ಕದ ಮನೆಯ ತೆಲುಗಿನವರು ಕಾಲಿಬಾಟ ಎನ್ನುತ್ತಾರೆ. ಜಹೀರಾಬಾದ, ನಾರಾಯಣಖೇಡ, ತಾಂಡೂರ ಕಡೆಯ ನಮ್ಮ ಹಳ್ಳಿಗಳಲ್ಲಿ ಎರಡು ಭಾಷೆಯವರೂ ಒಂದೇ ಹಾದಿಯಲ್ಲಿ ನಡೆಯುತ್ತೇವೆ. ಆ ಹಾದಿ ಮಾಡಿದವರು ಯಾರೆಂದು ನಿಮಗೆ ಗೊತ್ತೆ? ನನಗೆ ಬಹಳ ದಿನ ಗೊತ್ತಿರಲಿಲ್ಲ.

ನಾನು ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನು. ಕುರ್ಚಿಯಲ್ಲಿ ಕುಳಿತೇ ಸವೆದ ಶರೀರ. ನಿವೃತ್ತಿಯಾದ ಮೇಲೆ ಡಾಕ್ಟರು ಸಕ್ಕರೆ ಕಾಯಿಲೆ ಇದೆ, ದಿನಾಲು ಒಂದು ತಾಸು ನಡೆಯಿರಿ ಎಂದರು. ಎಲ್ಲಿ ನಡೆಯುವುದು? ಜಹೀರಾಬಾದಿನ ಹೆದ್ದಾರಿಗೆ ಹೋದರೆ ಲಾರಿಗಳ ಸಾಲು. ತಾಂಡೂರಿನಲ್ಲಿದ್ದ ದಿನಗಳಲ್ಲಿ ಫರಸಿ ಕಲ್ಲಿನ ಗಾಡಿಗಳ ಧೂಳನ್ನು ಸಾಕಷ್ಟು ಕುಡಿದಿದ್ದೇನೆ. ಕೊನೆಗೆ ನನಗೆ ಸಿಕ್ಕಿದ್ದು ನಮ್ಮೂರ ಕೆರೆಯ ಏರಿ. ಒಂದು ಮೈಲು ಉದ್ದ, ಒಂದು ಕಡೆ ನೀರು, ಇನ್ನೊಂದು ಕಡೆ ತೊಗರಿ ಹೊಲ. ಬೆಳಗಿನ ಹೊತ್ತು ಮುದುಕರು, ಸಂಜೆ ಹೆಣ್ಣುಮಕ್ಕಳು, ಶಾಲೆ ಬಿಟ್ಟ ಹುಡುಗರು ಅಲ್ಲಿ ತಿರುಗಾಡುತ್ತಾರೆ. ನಮ್ಮೂರಿಗೆ ಇರುವ ಉದ್ಯಾನವೆಂದರೆ ಅದೊಂದೇ.

ಎರಡು ವರ್ಷ ನಡೆದೆ. ಜಾಲಿ ಮುಳ್ಳು ಯಾಕೆ ಕಾಲಿಗೆ ತಾಗುವುದಿಲ್ಲ, ಮಳೆಗಾಲದಲ್ಲಿ ಕೆಸರಾಗುವ ಜಾಗದಲ್ಲಿ ಫರಸಿ ತುಂಡುಗಳು ಯಾಕೆ ಹಾಸಿವೆ, ಬೇವಿನ ಗಿಡದ ಕೆಳಗೆ ಕೂಡಲು ಚಪ್ಪಡಿ ಯಾರು ಇಟ್ಟರು ಎಂದು ಒಂದು ದಿನವೂ ಯೋಚಿಸಲಿಲ್ಲ. ಸರ್ಕಾರ ಮಾಡಿಸಿರಬೇಕು ಎಂದುಕೊಂಡಿದ್ದೆ. ಒಂದು ದಿನ ನಿದ್ದೆ ಬಾರದೆ ನಸುಕಿನಲ್ಲೇ ಹೋದಾಗ ಕಂಡದ್ದು, ತಾಂಡೂರಿನ ಕಲ್ಲು ಗಣಿಯಲ್ಲಿ ದುಡಿದು ಊರಿಗೆ ಮರಳಿದ ಒಬ್ಬ ಹಿರಿಯರು ಕುಡುಗೋಲು ಹಿಡಿದು ಮುಳ್ಳು ಸವರುತ್ತಿದ್ದರು. ಊರವರು ಅವರನ್ನು ಕಾಕಾ ಎನ್ನುತ್ತಾರೆ. ಹೆಸರು ಹೇಳಬೇಡಿರೆಂದು ಅವರೇ ಹೇಳಿದ್ದಾರೆ, ಹೇಳುವುದಿಲ್ಲ.

"ಕಾಕಾ, ಈ ಕೆಲಸ ಮಾಡ್ರಿ ಅಂತ ನಿಮಗ ಯಾರು ಹೇಳಿದ್ರು?" ಎಂದು ಕೇಳಿದೆ.

"ಯಾರ ಹೇಳ್ತಾರ್ರೀ ಸಾಹೇಬ್ರ. ನಮ್ಮ ಮನ್ಯಾಕಿಗಿ ಮೊಳಕಾಲು ನೋವಿತ್ತು. ಸಂಜೀಕ ಗಾಳಿಗಿ ಅಡ್ಡಾಡಲಿ ಅಂತ ಶುರು ಮಾಡ್ದೆ. ಆಕಿ ಹೋದಳು. ಅಷ್ಟರಾಗ ಮಂದಿ ಬರ್ಲಾಕತ್ತಿದ್ರು, ಬಿಡಾಕ ಆಗಲಿಲ್ಲ."

ಇದಾದ ಮೇಲೂ ನಾನು ಮಾಡಿದ ತಪ್ಪು ಕೇಳಿ. ಆ ವರ್ಷ ಜಾತ್ರೆಯಲ್ಲಿ ಊರಿಗೆ ಉಪಕಾರ ಮಾಡಿದವರಿಗೆ ಸನ್ಮಾನ ಎಂದು ಗೊತ್ತುಮಾಡಿದರು. ಅಕ್ಷರ ಚೆನ್ನಾಗಿದೆಯೆಂದು ಪಟ್ಟಿ ಬರೆಯುವ ಕೆಲಸ ನನಗೇ ಬಂತು. ಹನ್ನೊಂದು ಹೆಸರು ಬರೆದೆ. ಚಂದಾ ಕೊಟ್ಟವರು, ಗುತ್ತಿಗೆದಾರರು, ದೊಡ್ಡವರು. ಕಾಕಾನ ಹೆಸರು ನೆನಪಿಗೇ ಬರಲಿಲ್ಲ. ಅವರು ಕೊನೆಯ ಸಾಲಿನಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಎಲ್ಲರಿಗೂ ಚಪ್ಪಾಳೆ ತಟ್ಟಿದರು. ಮರುದಿನ ಅವರೇ ಇಟ್ಟ ಚಪ್ಪಡಿಯ ಮೇಲೆ ಹೋಗಿ ಕುಳಿತೆ ನೋಡಿ, ಆಗ ಹೊಳೆಯಿತು. ನಾಚಿಕೆಯಾಯಿತು.

ಶಾಲು ಹೊದಿಸಿದರೂ ಕೆಲಸ ಮುಗಿಯುವುದಿಲ್ಲ, ಅದೂ ನಿಜ. ಸಾಲುಮರದ ತಿಮ್ಮಕ್ಕನವರ ಕಥೆ ನಿಮಗೆ ಗೊತ್ತಿರಬೇಕು. ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಗೆ ಆ ತಾಯಿ, ಗಂಡ ಚಿಕ್ಕಯ್ಯನವರ ಜೊತೆ ಆಲದ ಸಸಿ ನೆಟ್ಟರು. ಕೂಲಿ ಮಾಡಿ ಉಣ್ಣುವ ಮನೆ, ಮಕ್ಕಳಿಲ್ಲ. ಮೊದಲ ವರ್ಷ 10 ಸಸಿ, ಮರುವರ್ಷ 15, ಅದರ ಮರುವರ್ಷ 20. ನಮ್ಮ ಲೆಕ್ಕದ ಪುಸ್ತಕದಲ್ಲಿ ಸಣ್ಣ ಉಳಿತಾಯ ಖಾತೆ ಬೆಳೆದ ಹಾಗೆ ಬೆಳೆಯಿತು. ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಒಟ್ಟು 385 ಮರ, ನಾಲ್ಕು ಕಿಲೋಮೀಟರಿಗೂ ಹೆಚ್ಚು ನೆರಳು. ಬಿಸಿಲಲ್ಲಿ ನಡೆಯುವವನಿಗೆ ಅದರ ಬೆಲೆ ಗೊತ್ತು, ಕಾರಿನಲ್ಲಿ ಹೋಗುವವನಿಗೆ ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ.

1991ರಲ್ಲಿ ಚಿಕ್ಕಯ್ಯನವರು ತೀರಿದರು. 1995ರಲ್ಲಿ ತಿಮ್ಮಕ್ಕನವರಿಗೆ ರಾಷ್ಟ್ರೀಯ ಪೌರ ಪ್ರಶಸ್ತಿ ಬಂತು. 2019ರ ಮಾರ್ಚಿನಲ್ಲಿ ಪದ್ಮಶ್ರೀ. ಅಂದು ಅವರು ರಾಷ್ಟ್ರಪತಿಗಳ ಹಣೆ ಮುಟ್ಟಿ ಆಶೀರ್ವಾದ ಮಾಡಿದ್ದನ್ನು ಟಿವಿಯಲ್ಲಿ ನೋಡಿ ನಮ್ಮ ಮನೆಯವರ ಕಣ್ಣಲ್ಲಿ ನೀರು ಬಂತು. ಅದೇ ವರ್ಷವೇ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸದಲ್ಲಿ ಆ ಮರಗಳಿಗೆ ಕೊಡಲಿ ಬೀಳುವ ಹೆದರಿಕೆ ಹುಟ್ಟಿತು! ಒಂದು ಕೈಯಲ್ಲಿ ಪದಕ, ಇನ್ನೊಂದು ಕೈಯಲ್ಲಿ ಕೊಡಲಿ. ನೂರು ದಾಟಿದ ಅಜ್ಜಿ ಮುಖ್ಯಮಂತ್ರಿಗಳಿಗೆ ನನ್ನ ಮರ ಉಳಿಸಿರೆಂದು ಕೇಳಿಕೊಳ್ಳಬೇಕಾಯಿತು. ಬೇರೆ ಉಪಾಯ ನೋಡುತ್ತೇವೆಂದು ಸರ್ಕಾರ ಹೇಳಿತು. 2025ರ ನವೆಂಬರ್ 14ರಂದು, 114ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ನೆಟ್ಟವರೂ ಅವರೇ, ಕಾಯ್ದವರೂ ಅವರೇ.

ನಡೆಯುವ ಹಾದಿಗಾಗಿ ಬರಿ ಕಾಗದ ಬರೆದು ಗೆದ್ದವರೂ ಇದ್ದಾರೆ. ಇದು ನನ್ನಂಥ ಗುಮಾಸ್ತನಿಗೆ ಧೈರ್ಯ ಕೊಡುವ ಮಾತು. ಇಂಗ್ಲೆಂಡಿನ ಟಾಮ್ ಸ್ಟೀವನ್ಸನ್ ಎಂಬ ಪತ್ರಕರ್ತ 1935ರಲ್ಲಿ ಒಂದು ಲೇಖನ ಬರೆದು, ಬೆಟ್ಟದ ಸಾಲಿನ ಮೇಲೆ ಸಾಮಾನ್ಯ ಜನ ನಡೆದು ಸುಖಪಡಲು ಒಂದು ಉದ್ದನೆಯ ಹಾದಿ ಬೇಕು ಎಂದ. ಅಲ್ಲಿಯ ಗುಡ್ಡಗಾಡೆಲ್ಲ ಜಮೀನುದಾರರ ಬೇಟೆಯ ನೆಲ. ಮೂರು ವರ್ಷ ಹಿಂದೆ, 1932ರಲ್ಲಿ, ಕಿಂಡರ್ ಸ್ಕೌಟ್ ಎಂಬ ಗುಡ್ಡ ಹತ್ತಿದ ಗಿರಣಿ ಊರುಗಳ ಹುಡುಗರು ಜೈಲು ಕಂಡಿದ್ದರು. ಸ್ಟೀವನ್ಸನ್ ಬಿಡಲಿಲ್ಲ. 1965ರಲ್ಲಿ ಪೆನೈನ್ ವೇ ಎಂಬ 268 ಮೈಲಿನ ಹಾದಿ ತೆರೆಯಿತು. ಲೆಕ್ಕ ಹಾಕಿ, 30 ವರ್ಷ.

ನಮ್ಮದು ಒಂದೇ ಮೈಲು. ಅದಕ್ಕೂ ಈಗ ಕಷ್ಟ ಬಂದಿದೆ. ಹೋದ ಮಳೆಗಾಲದಲ್ಲಿ ಏರಿಯ ಆ ತುದಿಯ ಹೊಲದವರು ಮುಳ್ಳುತಂತಿ ಎಳೆದರು. ಅವರದೂ ಒಂದು ಮಾತಿದೆ, ಆಡು ನುಗ್ಗಿ ತೊಗರಿ ತಿನ್ನುತ್ತವೆ. ಆದರೆ ತಂತಿ ಬಂದ ಮೇಲೆ ಹೆಣ್ಣುಮಕ್ಕಳು ಸಂಜೆ ಬರುವುದು ಬಿಟ್ಟರು. ಹುಡುಗರು ಲಾರಿ ಓಡಾಡುವ ರಸ್ತೆ ಹಿಡಿದರು. ತಹಸೀಲ ಕಚೇರಿಗೆ ಹೋಗಿ ಹಳ್ಳಿಯ ನಕ್ಷೆ ತೆಗೆಸಿ ನೋಡಿದೆ. ಆ ತುದಿಯಲ್ಲಿ ಬಂಡಿದಾರಿಯ ಗುರುತು ಸ್ಪಷ್ಟವಾಗಿದೆ. ನಿಮ್ಮೂರ ನಕ್ಷೆಯನ್ನೂ ಒಮ್ಮೆ ನೋಡಿಕೊಳ್ಳಿ. ಕಾಗದದ ಮೇಲಿರುವ ಹಾದಿಯನ್ನು ನಾವೇ ಮರೆತಿರುತ್ತೇವೆ.

ತೆಲುಗಿನಲ್ಲಿ ಅರ್ಜಿ ಬರೆದಿದ್ದೇನೆ. ಹಾದಿ ಬಿಡಿಸಬೇಕು, ಹೊಲದವರ ಬೆಳೆಗೆ ಆಡು ಹೋಗದಂತೆ ಬದಿಗೆ ಬೇಲಿಯಾಗಬೇಕು, ಏರಿಯ ಮೇಲಿನ ಹಾದಿ ಪಂಚಾಯತಿ ಠರಾವಿನಲ್ಲಿ ದಾಖಲಾಗಬೇಕು. 43 ಜನ ಒಪ್ಪಿದ್ದಾರೆ. ಸಹಿಗಳು ತೆಲುಗಿನಲ್ಲಿವೆ, ಕನ್ನಡದಲ್ಲಿವೆ, ಉರ್ದುವಿನಲ್ಲಿವೆ, ಒಂಬತ್ತು ಹೆಬ್ಬೆಟ್ಟು.

ಈ ಸಲದ ಜಾತ್ರೆಯಲ್ಲಿ ನಿಮಗೆ ಶಾಲು ಹೊದಿಸುತ್ತೇವೆ ಎಂದು ಕಾಕಾನಿಗೆ ಹೇಳಿದೆ. ಕುಡುಗೋಲು ಮಸೆಯುತ್ತಿದ್ದವರು ತಲೆ ಎತ್ತಲಿಲ್ಲ.

"ಶಾಲು ಇರ್ಲಿ ಬಿಡ್ರಿ ಸಾಹೇಬ್ರ. ಮೊದಲ ಆ ತಂತಿ ತೆಗಸ್ರಿ."

ಪಂಚಾಯತಿ ಸಭೆ ಬರುವ ಸೋಮವಾರ ಹನ್ನೊಂದು ಗಂಟೆಗೆ. ನಾನು, ಕಾಕಾ ಏರಿಯ ಮೇಲಿನಿಂದಲೇ ನಡೆದು ಹೋಗುವವರಿದ್ದೇವೆ, ತಂತಿ ಇರುವಲ್ಲಿ ಬಗ್ಗಿ ದಾಟುತ್ತೇವೆ.